ಹದಿನೈದು ಡಾಲರಿನ ಹ್ಯಾಮಿಲ್ಟನ್

1796ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನ ವಕೀಲನೊಬ್ಬ ತನ್ನ ಖರ್ಚಿನ ಪುಸ್ತಕದಲ್ಲಿ 620 ಡಾಲರುಗಳ ವೆಚ್ಚವೊಂದನ್ನು ಬರೆದುಕೊಂಡ. ಶಿಲ್ಪಿಯೊಬ್ಬ ತನ್ನ ಎದೆಮಟ್ಟದ ಅಮೃತಶಿಲೆ ಪ್ರತಿಮೆ ಮಾಡಿದ್ದಕ್ಕೆ ಕೊಟ್ಟ ಹಣ ಅದು. ಮಾಡಿಸಿಕೊಳ್ಳಬೇಕೆಂದು ತಾನು ಕೇಳಿದ್ದಲ್ಲ, ಆತನೇ ಒತ್ತಾಯಿಸಿ ತನಗೆ ಉಪಕಾರವೆಂಬಂತೆ ಮಾಡಿದ್ದು, ಈಗ ಬಿಲ್ ಕಳಿಸಿದ್ದಾನೆ, ದಾಕ್ಷಿಣ್ಯಕ್ಕೆ ಕೊಡುತ್ತಿದ್ದೇನೆ ಎಂಬ ಅರ್ಥದ ಟಿಪ್ಪಣಿಯನ್ನೂ ಪಕ್ಕದಲ್ಲಿ ಸೇರಿಸಿದ.

ವಕೀಲ ಸಾಮಾನ್ಯನಲ್ಲ. ಹಿಂದಿನ ವರ್ಷದ ಜನವರಿಯವರೆಗೂ ಅಮೆರಿಕದ ಖಜಾನೆಯನ್ನು ನೋಡಿಕೊಂಡಿದ್ದ ಅಲೆಗ್ಸಾಂಡರ್ ಹ್ಯಾಮಿಲ್ಟನ್. ಆ ದೇಶದ ಮೊಟ್ಟಮೊದಲ ಹಣಕಾಸು ಕಾರ್ಯದರ್ಶಿ. ಆ ಹುದ್ದೆಯಲ್ಲಿ ಆತನಿಗಿದ್ದ ವಾರ್ಷಿಕ ಸಂಬಳ 3,500 ಡಾಲರ್. ಅಂದರೆ ಎರಡು ತಿಂಗಳ ಸಂಬಳಕ್ಕೂ ಮಿಕ್ಕಿದ ಮೊತ್ತ ಕಲ್ಲಿನ ಮುಖವೊಂದಕ್ಕೆ ಹೋಯಿತು. ಬಿಲ್ ಕಳಿಸಿದವನು ಇಟಲಿಯ ಜುಸೆಪ್ಪೆ ಚೆರಾಕಿ. ಸ್ವಾತಂತ್ರ್ಯದ ಭಾರೀ ಸ್ಮಾರಕವೊಂದನ್ನು ಕಟ್ಟಿಸುವ ಆಸೆಯಿಂದ ಅಮೆರಿಕಕ್ಕೆ ಬಂದು, ನಾಯಕರನ್ನು ಒಲಿಸಿಕೊಳ್ಳಲು ಒಬ್ಬೊಬ್ಬರ ಪ್ರತಿಮೆ ಮಾಡಿದವನು. ಕಾಂಗ್ರೆಸ್ಸು ಸ್ಮಾರಕಕ್ಕೆ ಹಣ ಕೊಡಲಿಲ್ಲ. ಹೀಗಾಗಿ ಉಡುಗೊರೆಗಳೆಲ್ಲ ಬಿಲ್ಲುಗಳಾದವು.

ಸುಮಾರು ಇದೇ ಹೊತ್ತಿಗೆ ಹ್ಯಾಮಿಲ್ಟನ್ನನ ಇನ್ನೊಂದು ಮುಖ ತಯಾರಾಯಿತು. ಬೂದು ಬಣ್ಣದ ದಪ್ಪ ಕಾಗದ. ಅಳತೆ ಒಂಬತ್ತು ಇಂಚು ಉದ್ದ, ಏಳು ಇಂಚು ಅಗಲ, ಶಾಲೆಯ ನೋಟ್‌ಬುಕ್ಕಿನಷ್ಟು. ಅದರ ಮೇಲೆ ಬಣ್ಣದ ಪುಡಿಯಿಂದ ಬಿಡಿಸಿದ ಪಕ್ಕನೋಟ. ಚಿತ್ರಕಾರನ ಹೆಸರು ಜೇಮ್ಸ್ ಶಾರ್ಪಲ್ಸ್. ಪಕ್ಕನೋಟದ ಚಿತ್ರಕ್ಕೆ ಆತನ ದರ 15 ಡಾಲರ್, ಎದುರುನೋಟಕ್ಕೆ 20. ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದ ಸ್ವತ್ತಾಗಿರುವ ಈ ಪುಟ್ಟ ಪೇಸ್ಟಲ್ ಚಿತ್ರದಲ್ಲಿ ಕಾಣುವುದು ಪುಡಿ ಬಳಿದ ಬಿಳಿ ಕೂದಲು, ನೀಳ ಮೂಗು, ಕೆಂಪೇರಿದ ಕೆನ್ನೆ. ಆ ಕೆಂಪು ಚಿತ್ರಕಾರನ ಕಲ್ಪನೆಯೇನಲ್ಲ. ಹ್ಯಾಮಿಲ್ಟನ್ನನನ್ನು ಕಂಡವರು ಹಲವರು ಆತನ ಹುಡುಗಿಯಂಥ ಮೈಬಣ್ಣವನ್ನೂ ಕೆಂಪು ಕೆನ್ನೆಯನ್ನೂ ಪ್ರಸ್ತಾಪಿಸಿದ್ದಾರೆ. ಅಮೃತಶಿಲೆಯಲ್ಲಿ ಇದನ್ನು ತೋರಿಸುವ ಉಪಾಯವಿಲ್ಲ.

ಬಂಡಿಯಲ್ಲಿ ಬಂದ ಕುಟುಂಬ

ಶಾರ್ಪಲ್ಸ್ ಇಂಗ್ಲೆಂಡಿನ ಲ್ಯಾಂಕಾಶೈರಿನವನು. ಪಾದ್ರಿಯಾಗಲೆಂದು ಕ್ಯಾಥೊಲಿಕ್ ಶಿಕ್ಷಣಕ್ಕೆ ಹಾಕಿದ್ದರು, ಹುಡುಗ ಚಿತ್ರ ಬರೆಯಲು ಹೋದ. 1790ರ ದಶಕದಲ್ಲಿ ಹೆಂಡತಿ ಎಲೆನ್ ಮತ್ತು ಮಕ್ಕಳೊಂದಿಗೆ ಅಮೆರಿಕಕ್ಕೆ ಹಡಗು ಹತ್ತಿದ. ಆಗ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ. ಹಡಗು ಫ್ರೆಂಚರ ಕೈಗೆ ಸಿಕ್ಕಿತು, ಕುಟುಂಬವೆಲ್ಲ ಬ್ರೆಸ್ಟ್ ಬಂದರಿನಲ್ಲಿ ಏಳು ತಿಂಗಳು ಸೆರೆಯಿತ್ತು. ಬಿಡುಗಡೆಯಾದ ಮೇಲೆ ಮತ್ತೆ ಅದೇ ಅಮೆರಿಕದ ದಾರಿ ಹಿಡಿದರು. ಛಲವೋ, ಬೇರೆ ಗತಿಯಿಲ್ಲದೆಯೋ.

ಅಲ್ಲಿ ಈತ ತಾನೇ ಯೋಚಿಸಿ ಮಾಡಿಸಿದ ದೊಡ್ಡ ಬಂಡಿಯೊಂದಿತ್ತು. ಒಂದೇ ಒಂದು ಭಾರೀ ಕುದುರೆ ಅದನ್ನು ಎಳೆಯುತ್ತಿತ್ತು. ಹೆಂಡತಿ, ಮಕ್ಕಳು, ಬಣ್ಣ, ಕಾಗದ ಎಲ್ಲವೂ ಅದರೊಳಗೆ. ಊರಿಗೆ ಬಂದೊಡನೆ ಪರಿಚಯ ಪತ್ರಗಳನ್ನು ಹಿಡಿದು ಅಲ್ಲಿನ ಪ್ರಮುಖರ ಮನೆಗೆ ಹೋಗುವುದು, ತನ್ನ ಸಂಗ್ರಹಕ್ಕೆ ತಮ್ಮದೊಂದು ಚಿತ್ರ ಬೇಕಿತ್ತು ಎಂದು ಕೇಳುವುದು. ದೊಡ್ಡ ಮನುಷ್ಯರಿಗೆ ಇದರಲ್ಲಿ ಖರ್ಚಿಲ್ಲ, ಹೆಮ್ಮೆಯಿದೆ. ಎರಡು ಗಂಟೆ ಕೂತರೆ ಸಾಕು. ಚಿತ್ರ ನೋಡಿದ ಮನೆಯವರು ತಮಗೂ ಒಂದು ಪ್ರತಿ ಬೇಕೆನ್ನುತ್ತಾರೆ, ಅವರನ್ನು ನೋಡಿ ನೆರೆಯವರು. ಆಗ ಶುರು 15 ಡಾಲರಿನ ಲೆಕ್ಕ. ಚೆರಾಕಿ ಹಿಡಿದದ್ದೂ ಇದೇ ದಾರಿಯೇ, ಆದರೆ ಈತನಿಗೆ ಸ್ಮಾರಕದ ಹುಚ್ಚಿರಲಿಲ್ಲ. 1796ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನೇ ಈತನೆದುರು ಕೂತ. ಆ ಒಂದು ಪಕ್ಕನೋಟದ ಪ್ರತಿಗಳಿಂದಲೇ ಕುಟುಂಬದ ಎಷ್ಟೋ ದಿನದ ಊಟ ನಡೆದಿರಬೇಕು.

ಪ್ರತಿಗಳನ್ನು ಬಹಳಮಟ್ಟಿಗೆ ಮಾಡುತ್ತಿದ್ದವಳು ಎಲೆನ್. ಮದುವೆಗೆ ಮೊದಲು ಈಕೆ ಶಾರ್ಪಲ್ಸ್‌ನ ಶಿಷ್ಯೆ. ಅಮೆರಿಕದಲ್ಲಿ ಒಬ್ಬರ ದುಡಿಮೆಯನ್ನೇ ನೆಚ್ಚಿದರೆ ಕಷ್ಟ ಎಂದು ಕಂಡಾಗ ಕುಂಚ ಹಿಡಿದಳು. ಆಕೆಯ ಪ್ರತಿಗಳಿಗೂ ಗಂಡನ ಮೂಲಚಿತ್ರದಷ್ಟೇ ಬೆಲೆ ಸಿಗುತ್ತಿತ್ತು ಎಂಬುದು ಆಕೆಯ ದಿನಚರಿಯಿಂದ ತಿಳಿಯುತ್ತದೆ. ಮುಂದೆ ಮಕ್ಕಳೂ ಇದೇ ಕಸುಬಿಗೆ ಇಳಿದರು. ಸಹಿ ಹಾಕುವ ಪರಿಪಾಠ ಈ ಮನೆಯಲ್ಲಿ ಇರಲಿಲ್ಲವೆಂದೇ ಹೇಳಬೇಕು. ಹೀಗಾಗಿ ಒಂದೇ ಮುಖದ ನಾಲ್ಕು ಚಿತ್ರ ಸಿಕ್ಕರೆ ಯಾವುದು ಎದುರಿಗೆ ಕೂರಿಸಿ ಬರೆದದ್ದು, ಯಾವುದು ಎಲೆನ್ ಮಾಡಿದ ಪ್ರತಿ ಎಂದು ವಿದ್ವಾಂಸರು ತಲೆ ಕೆಡಿಸಿಕೊಳ್ಳುತ್ತಾರೆ. ಹ್ಯಾಮಿಲ್ಟನ್ನನ ಚಿತ್ರಕ್ಕೂ ಹೀಗೆ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ.

ಪುಡಿಯ ಕೆಲಸ

ಪೇಸ್ಟಲ್ ಎಂದರೆ ಮಕ್ಕಳ ಬಣ್ಣದ ಕಡ್ಡಿ ನೆನಪಾಗಬಹುದು. ಅಂಗಡಿಯ ಅಗ್ಗದ ಕಡ್ಡಿಯಲ್ಲಿ ಮೇಣ ಅಥವಾ ಎಣ್ಣೆ ಇರುತ್ತದೆ. ಹಳೆಯ ಕಾಲದ ಪೇಸ್ಟಲ್ ಬೇರೆ. ಅರೆದ ಬಣ್ಣಕ್ಕೆ ಬಿಳಿ ಸುಣ್ಣದಂಥ ಪುಡಿ, ಹಿಡಿತಕ್ಕೆ ಒಂದಿಷ್ಟೇ ಅಂಟು ಬೆರೆಸಿ, ಬತ್ತಿಯಂತೆ ಹೊಸೆದು ಒಣಗಿಸಿದ್ದು. ಅಂಟು ಹೆಚ್ಚಾದರೆ ಕಡ್ಡಿ ಗಟ್ಟಿಯಾಗಿ ಬಣ್ಣ ಬಿಡುವುದಿಲ್ಲ, ಕಡಿಮೆಯಾದರೆ ಕೈಯಲ್ಲೇ ಪುಡಿಯಾಗುತ್ತದೆ. ಹದಿನೆಂಟನೇ ಶತಮಾನದಲ್ಲಿ ಯುರೋಪಿನ ಸಿರಿವಂತರಿಗೆ ಇದರ ಮೋಹ ಹತ್ತಿಸಿದವಳು ವೆನಿಸ್ಸಿನ ರೊಸಾಲ್ಬಾ ಕರಿಯೇರಾ. ಅಮೆರಿಕಕ್ಕೆ ಈ ಸರಕು ಹೊಸದು. 1762ರಲ್ಲಿ ಬಾಸ್ಟನ್ನಿನ ಚಿತ್ರಕಾರ ಜಾನ್ ಸಿಂಗಲ್ಟನ್ ಕಾಪ್ಲಿ ಒಳ್ಳೆಯ ಪೇಸ್ಟಲ್ ಕಡ್ಡಿಗಳಿಗಾಗಿ ಸಮುದ್ರದಾಚೆಯ ಸ್ವಿಸ್ ಚಿತ್ರಕಾರ ಲಿಯೊತಾರನಿಗೆ ಕಾಗದ ಬರೆಯಬೇಕಾಯಿತು.

ಎಣ್ಣೆಬಣ್ಣದಂತೆ ಒಣಗಲು ಕಾಯಬೇಕಿಲ್ಲ ಎಂಬುದೇ ಅಲೆಮಾರಿ ಚಿತ್ರಕಾರನಿಗೆ ಇದರ ದೊಡ್ಡ ಅನುಕೂಲ. ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಗಾಜಿನಡಿ ಕೂರಿಸಿ ಕೊಟ್ಟುಬಿಡಬಹುದು. ಶಾರ್ಪಲ್ಸ್ ಕಡ್ಡಿಯನ್ನೂ ಬಿಟ್ಟುಕೊಟ್ಟ. ಬಣ್ಣಗಳನ್ನು ನುಣ್ಣಗೆ ಅರೆದು ಸಣ್ಣ ಗಾಜಿನ ಬಟ್ಟಲುಗಳಲ್ಲಿ ಇಟ್ಟುಕೊಂಡು, ಒಂಟೆಕೂದಲಿನ ಕುಂಚದಿಂದ ಕಾಗದದ ಮೇಲೆ ಹಚ್ಚುತ್ತಿದ್ದ ಎಂದು ಅಮೆರಿಕದ ಕಲೆಯ ಇತಿಹಾಸವನ್ನು ಮೊದಲು ಬರೆದ ವಿಲಿಯಂ ಡನ್‌ಲ್ಯಾಪ್ 1834ರಲ್ಲಿ ದಾಖಲಿಸಿದ್ದಾನೆ. ಮುಖದ ಅಂಚನ್ನು ಮೊದಲು ಯಂತ್ರವೊಂದರ ಸಹಾಯದಿಂದ ಗುರುತು ಹಾಕಿಕೊಳ್ಳುತ್ತಿದ್ದನೆಂದೂ ಹೇಳುತ್ತಾರೆ. ಪಕ್ಕನೋಟದ ಗೆರೆಯನ್ನು ಇದ್ದಂತೆ ಎತ್ತಿಕೊಡುವ ಅಂಥ ಸಾಧನ 1780ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ ಆ ಕಾಲಕ್ಕೆ ಎಲ್ಲೆಡೆ ಹಬ್ಬಿತ್ತು. ಫೋಟೋ ಬರುವುದಕ್ಕೆ ನಾಲ್ಕು ದಶಕ ಮೊದಲು ಜನ ಬಯಸುತ್ತಿದ್ದದ್ದು ಅದನ್ನೇ: ಸುಳ್ಳಾಡದ ಗೆರೆ. ಶಾರ್ಪಲ್ಸ್‌ನ ಚಿತ್ರಗಳನ್ನು ಮಹತ್ತಾದ ಕಲೆಯೆಂದು ಯಾರೂ ಕರೆಯುವುದಿಲ್ಲ. ಹೋಲಿಕೆ ಚೆನ್ನಾಗಿದೆ ಎಂಬುದೇ ಅವುಗಳಿಗೆ ಸಿಕ್ಕ, ಇವತ್ತಿಗೂ ಸಿಗುತ್ತಿರುವ ಹೊಗಳಿಕೆ.

ಹೋಲಿಕೆಯೇನೋ ಸಿಕ್ಕಿತು. ಯಾರ ಹೋಲಿಕೆ ಎಂಬುದು ಮಾತ್ರ ಇನ್ನೂರು ವರ್ಷಗಳಿಂದ ಬಗೆಹರಿದಿಲ್ಲ.

ಯಾರ ಸಾಲ, ಯಾರಿಗೆ ಲಾಭ

ಹ್ಯಾಮಿಲ್ಟನ್ ಹುಟ್ಟಿದ್ದು ವೆಸ್ಟ್ ಇಂಡೀಸಿನ ನೆವಿಸ್ ದ್ವೀಪದಲ್ಲಿ. 1755 ಎಂದು ಕೆಲವರು, 1757 ಎಂದು ಕೆಲವರು. ತಂದೆ ತಾಯಿಗೆ ಮದುವೆಯಾಗಿರಲಿಲ್ಲ. ವೈರಿಗಳು ಇದನ್ನು ಜೀವಮಾನವಿಡೀ ಎತ್ತಿ ಆಡಿದರು. ಹುಡುಗನಾಗಿ ವ್ಯಾಪಾರಿಯ ಮಳಿಗೆಯಲ್ಲಿ ಗುಮಾಸ್ತ, ಆಮೇಲೆ ನ್ಯೂಯಾರ್ಕಿನಲ್ಲಿ ವಿದ್ಯಾರ್ಥಿ, ಸ್ವಾತಂತ್ರ್ಯ ಸಮರದಲ್ಲಿ ವಾಷಿಂಗ್ಟನ್ನನ ಸಹಾಯಕ. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನ ಬ್ರಿಟಿಷ್ ಕೋಟೆಕೊತ್ತಲವೊಂದರ ಮೇಲೆ ರಾತ್ರಿ ದಾಳಿಯ ಮುಂದಾಳು ಈತ. ಅಲ್ಲಿ ಸೋತು ಸೈನ್ಯವನ್ನು ಒಪ್ಪಿಸಿದ ಬ್ರಿಟಿಷ್ ದಂಡನಾಯಕ ಲಾರ್ಡ್ ಕಾರ್ನ್‌ವಾಲಿಸ್. ಹನ್ನೊಂದು ವರ್ಷಗಳ ಅನಂತರ, 1792ರಲ್ಲಿ, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದ ಅದೇ ಕಾರ್ನ್‌ವಾಲಿಸ್.

ಯುದ್ಧ ಗೆದ್ದ ದೇಶದ ಬೊಕ್ಕಸ ಬರಿದಾಗಿತ್ತು. 1790ರ ಜನವರಿಯಲ್ಲಿ ಹ್ಯಾಮಿಲ್ಟನ್ ಕಾಂಗ್ರೆಸ್ಸಿನ ಮುಂದಿಟ್ಟ ವರದಿಯ ಪ್ರಕಾರ ಕೇಂದ್ರದ ಸಾಲ ಸುಮಾರು 5.4 ಕೋಟಿ ಡಾಲರ್, ರಾಜ್ಯಗಳ ಸಾಲ ಸುಮಾರು 2.5 ಕೋಟಿ. ಇದಿಷ್ಟನ್ನೂ ಕೇಂದ್ರವೇ ವಹಿಸಿಕೊಳ್ಳಬೇಕು, ಸಾಲಪತ್ರ ಈಗ ಯಾರ ಕೈಯಲ್ಲಿದೆಯೋ ಅವರಿಗೆ ಮುಖಬೆಲೆ ಸಲ್ಲಬೇಕು ಎಂಬುದು ಆತನ ಯೋಜನೆ. ಕಾಗದದ ಮೇಲೆ ಇದು ಒಣ ಲೆಕ್ಕಾಚಾರ. ಬೀದಿಯಲ್ಲಿ ಹಾಗಿರಲಿಲ್ಲ. ಯುದ್ಧಕಾಲದಲ್ಲಿ ಸೈನಿಕರಿಗೆ ಸಂಬಳದ ಬದಲು ಇಂಥ ಪತ್ರಗಳನ್ನು ಕೊಟ್ಟಿದ್ದರು. ಊರಿಗೆ ಮರಳಿದವರಲ್ಲಿ ಎಷ್ಟೋ ಜನ ಕೈಯಲ್ಲಿ ಕಾಸಿಲ್ಲದೆ, ಸರ್ಕಾರ ಎಂದಾದರೂ ಕೊಟ್ಟೀತೆಂಬ ನಂಬಿಕೆಯೂ ಇಲ್ಲದೆ, ಡಾಲರಿನ ಪತ್ರವನ್ನು ಹದಿನೈದು ಇಪ್ಪತ್ತು ಸೆಂಟಿಗೆ ಮಾರಿಕೊಂಡಿದ್ದರು. ಕೊಂಡವರು ನಗರಗಳ ಸಟ್ಟಾ ವ್ಯಾಪಾರಿಗಳು. ವರದಿಯ ಸುಳಿವು ಸಿಕ್ಕೊಡನೆ ಹಣವಂತರ ಆಳುಗಳು ಸುದ್ದಿ ತಲುಪದ ದಕ್ಷಿಣದ ರಾಜ್ಯಗಳಿಗೆ ಪತ್ರಗಳನ್ನು ಬಾಚಿಕೊಳ್ಳಲು ಹೊರಟರೆಂದು ಸೆನೆಟರ್ ವಿಲಿಯಂ ಮ್ಯಾಕ್ಲೇ ತನ್ನ ದಿನಚರಿಯಲ್ಲಿ ಹರಿಹಾಯ್ದಿದ್ದಾನೆ.

ಮೂಲ ಸೈನಿಕನಿಗೂ ಒಂದು ಪಾಲು ಕೊಡೋಣ ಎಂದು ಜೇಮ್ಸ್ ಮ್ಯಾಡಿಸನ್ ವಾದಿಸಿದ. ಹ್ಯಾಮಿಲ್ಟನ್ ಒಪ್ಪಲಿಲ್ಲ. ಮಾರಿದ ಪತ್ರ ಮಾರಿದ್ದೇ. ಕೊಂಡವನ ಹಕ್ಕನ್ನು ಸರ್ಕಾರವೇ ಹಿಂದಿನಿಂದ ಕಿತ್ತುಕೊಂಡರೆ ಮುಂದೆ ಯಾರೂ ಅದಕ್ಕೆ ಸಾಲ ಕೊಡುವುದಿಲ್ಲ ಎಂದ. ಮ್ಯಾಡಿಸನ್ನನ ಸೂಚನೆ 1790ರ ಫೆಬ್ರವರಿಯಲ್ಲಿ 36-13 ಮತಗಳಿಂದ ಬಿದ್ದುಹೋಯಿತು. ದೇಶದ ಸಾಲಪತ್ರಗಳ ಬೆಲೆ ಏರಿತು, ಯುರೋಪಿನ ಲೇವಾದೇವಿಗಾರರು ಹೊಸ ಸರ್ಕಾರವನ್ನು ನಂಬತೊಡಗಿದರು. ಅರ್ಥಶಾಸ್ತ್ರದ ಪುಸ್ತಕಗಳು ಹ್ಯಾಮಿಲ್ಟನ್ನನನ್ನು ಹೊಗಳುವುದು ಇದಕ್ಕೇ. ಹದಿನೈದು ಸೆಂಟಿಗೆ ಪತ್ರ ಮಾರಿದ ಸೈನಿಕನಿಗೆ ಮಾತ್ರ ಏನೂ ಸಿಗಲಿಲ್ಲ. ಆತನ ಮೇಲೆ ಬಿದ್ದದ್ದು 1791ರ ವಿಸ್ಕಿ ತೆರಿಗೆ. ಪಶ್ಚಿಮ ಪೆನ್ಸಿಲ್ವೇನಿಯದ ರೈತರು ದಂಗೆಯೆದ್ದಾಗ, 1794ರಲ್ಲಿ, ಸುಮಾರು 13,000 ಜನರ ಪಡೆಯೊಂದಿಗೆ ಹ್ಯಾಮಿಲ್ಟನ್ ಖುದ್ದಾಗಿ ಅತ್ತ ನಡೆದ. ಸಾಲದ ಬಡ್ಡಿ ಕಟ್ಟಲು ತೆರಿಗೆ ಬೇಕು, ತೆರಿಗೆ ಬರಬೇಕಾದರೆ ಸರ್ಕಾರಕ್ಕೆ ಬಲವಿದೆಯೆಂದು ಜನಕ್ಕೆ ಗೊತ್ತಾಗಬೇಕು. ಆತನ ಮಟ್ಟಿಗೆ ಇದೆಲ್ಲ ಒಂದೇ ಸರಪಳಿ.

ಆತ ತಾನು ಲಂಚ ತಿಂದನೆ? ಈ ಗುಮಾನಿ ಬಿಡದೆ ಕಾಡಿತು. ಕೈಕೆಳಗಿನ ಅಧಿಕಾರಿಯಾಗಿದ್ದ ವಿಲಿಯಂ ಡ್ಯೂಯರ್ ಸಟ್ಟಾ ವ್ಯವಹಾರದಲ್ಲಿ ಮುಳುಗಿ 1792ರಲ್ಲಿ ಜೈಲು ಸೇರಿದ್ದು ಅನುಮಾನಕ್ಕೆ ತುಪ್ಪ ಸುರಿಯಿತು. ಹ್ಯಾಮಿಲ್ಟನ್ ಹಣ ಮಾಡಿಕೊಂಡದ್ದಕ್ಕೆ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು ಇನ್ನೊಂದು. ಜೇಮ್ಸ್ ರೆನಾಲ್ಡ್ಸ್ ಎಂಬವನಿಗೆ ಆತ ಗುಟ್ಟಾಗಿ ಸಾವಿರ ಡಾಲರಿಗೂ ಮೀರಿ ಕೊಟ್ಟಿದ್ದ. ಪತ್ರಕರ್ತ ಜೇಮ್ಸ್ ಕ್ಯಾಲೆಂಡರ್ 1797ರಲ್ಲಿ ಇದನ್ನು ಬಯಲಿಗೆಳೆದು, ಖಜಾನೆಯ ದುಡ್ಡಿನಲ್ಲಿ ಸಟ್ಟಾ ಎಂದು ಆರೋಪಿಸಿದ. ಹ್ಯಾಮಿಲ್ಟನ್ 95 ಪುಟಗಳ ಪುಸ್ತಿಕೆ ಅಚ್ಚು ಹಾಕಿಸಿ ಉತ್ತರ ಕೊಟ್ಟ: ದುಡ್ಡು ಸರ್ಕಾರದ್ದಲ್ಲ, ನನ್ನದು, ಆತನ ಹೆಂಡತಿ ಮರಿಯಾಳೊಂದಿಗೆ ನನಗೆ ಸಂಬಂಧವಿತ್ತು, ಗಂಡ ಅದನ್ನು ಹಿಡಿದು ಹಣ ಕೀಳುತ್ತಿದ್ದ. ಕಳ್ಳ ಎನಿಸಿಕೊಳ್ಳುವುದಕ್ಕಿಂತ ವ್ಯಭಿಚಾರಿ ಎನಿಸಿಕೊಳ್ಳುವುದು ಮೇಲೆಂದು ಬಗೆದ ರಾಜಕಾರಣಿ ಆ ಮೊದಲೂ ಆಮೇಲೂ ಅಪರೂಪ. ಹೆಂಡತಿ ಎಲಿಜಬೆತ್ ಆ ಬೇಸಿಗೆಯಲ್ಲಿ ಆರನೇ ಮಗುವಿನ ಬಾಣಂತಿ.

ಪೇಸ್ಟಲ್ ಚಿತ್ರ ನಿಂತಿರುವುದು ಇದಕ್ಕೆ ಸ್ವಲ್ಪ ಮೊದಲು. ಅಧಿಕಾರ ಬಿಟ್ಟಾಗಿದೆ, ಮಾನ ಇನ್ನೂ ಉಳಿದಿದೆ. 1796ರಲ್ಲಿ ಹ್ಯಾಮಿಲ್ಟನ್ ಗಾಡಿ ತೆರಿಗೆಯ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದ. ವಾಷಿಂಗ್ಟನ್ನನ ಪ್ರಖ್ಯಾತ ವಿದಾಯ ಭಾಷಣದ ಕರಡನ್ನು ತಿದ್ದಿ ಬರೆದ. ಅದೇ ವರ್ಷದ ಖರ್ಚಿನ ಪುಸ್ತಕದಲ್ಲಿ ಮತ್ತೊಂದು ನಮೂದೂ ಇದೆ. ಎನ್. ಲೋ ಎಂಬವನ ಮೂಲಕ ಇಬ್ಬರು ಕಪ್ಪು ಸೇವಕರನ್ನು ಕೊಂಡದ್ದಕ್ಕೆ 250 ಡಾಲರ್.

ಗುಲಾಮಗಿರಿಯನ್ನು ವಿರೋಧಿಸುವ ನ್ಯೂಯಾರ್ಕಿನ ಸಂಘಕ್ಕೆ ಹ್ಯಾಮಿಲ್ಟನ್ 1785ರಲ್ಲೇ ಸೇರಿದ್ದ. ಹೀಗಾಗಿ ಈ ಸಾಲನ್ನು ಓದುವುದರಲ್ಲಿ ಜಗಳವಿದೆ. ಆ ಇಬ್ಬರನ್ನು ಆತ ಕೊಂಡದ್ದು ನಾದಿನಿಯ ಕುಟುಂಬದ ಪರವಾಗಿ ಇರಬಹುದೆಂದು ಕೆಲವು ಜೀವನಚರಿತ್ರಕಾರರ ಊಹೆ. ಆಲ್ಬನಿಯಲ್ಲಿರುವ ಆತನ ಮಾವನ ಮನೆ ಈಗ ಸರ್ಕಾರಿ ಸ್ಮಾರಕ. ಅಲ್ಲಿಂದ 2020ರಲ್ಲಿ ಹೊರಬಂದ ಸಂಶೋಧನ ಪ್ರಬಂಧವೊಂದು ಇಂಥ ನಮೂದುಗಳನ್ನೂ ಕಾಗದಪತ್ರಗಳನ್ನೂ ಒಟ್ಟಿಗೆ ಇಟ್ಟು ನೋಡಿ, ಹ್ಯಾಮಿಲ್ಟನ್ ಸ್ವತಃ ಗುಲಾಮರ ಒಡೆಯನಾಗಿದ್ದ ಎಂದು ವಾದಿಸಿತು. ನೆವಿಸ್ಸಿನ ಬಡ ಹುಡುಗನನ್ನು ನಾಯಕನನ್ನಾಗಿ ಮಾಡಿ 2015ರಿಂದ ಬ್ರಾಡ್‌ವೇಯಲ್ಲಿ ಜನ ಮುಗಿಬಿದ್ದು ನೋಡಿದ ಸಂಗೀತ ನಾಟಕದ ಅಭಿಮಾನಿಗಳಿಗೆ ಇದು ಕಹಿಯಾಯಿತು. ಕೊಂಡವನ ಪುಸ್ತಕದಲ್ಲಿ ಅವನದೇ ಹೆಸರಿಗೆ ಬರೆದಿರುವುದನ್ನು ಬೇರೆಯವರ ಖಾತೆಗೆ ಹಾಕಬೇಕಾದರೆ ಪುರಾವೆ ತರಬೇಕಾದವರು ಹಾಗೆ ಹಾಕುವವರೇ. ಒಂದು ಪ್ರತಿಮೆಗೆ 620, ಇಬ್ಬರು ಮನುಷ್ಯರಿಗೆ 250. ಪ್ರತಿಮೆ ಮಾಡಿದವನ ಹೆಸರು ಉಳಿದಿದೆ. ಆ ಇಬ್ಬರ ಹೆಸರನ್ನು ನಮೂದು ಹೇಳುವುದಿಲ್ಲ.

ಉಳಿದ ಕಥೆ ಪ್ರಸಿದ್ಧ. 1801ರಲ್ಲಿ ಹಿರಿಯ ಮಗ ಫಿಲಿಪ್ ದ್ವಂದ್ವಯುದ್ಧದಲ್ಲಿ ಸತ್ತ. 1804ರ ಜುಲೈ 11ರ ಬೆಳಿಗ್ಗೆ ನ್ಯೂಜೆರ್ಸಿಯ ವೀಹಾಕನ್ನಿನಲ್ಲಿ ಆಗಿನ ಉಪಾಧ್ಯಕ್ಷ ಆರನ್ ಬರ್ ಹಾರಿಸಿದ ಗುಂಡು ತಗುಲಿ ಹ್ಯಾಮಿಲ್ಟನ್ ಮರುದಿನ ತೀರಿಕೊಂಡ. ದೇಶದ ಸಾಲವನ್ನು ಸರಿಪಡಿಸಿದವನ ಸ್ವಂತ ಸಾಲ ತೀರಿಸಲು ಸ್ನೇಹಿತರು ಚಂದಾ ಎತ್ತಬೇಕಾಯಿತು.

ಶಾರ್ಪಲ್ಸ್ 1811ರಲ್ಲಿ ನ್ಯೂಯಾರ್ಕಿನಲ್ಲೇ ತೀರಿಕೊಂಡ. ಎಲೆನ್ ಮಗಳು ರೊಲಿಂಡಾಳೊಂದಿಗೆ ಇಂಗ್ಲೆಂಡಿನ ಬ್ರಿಸ್ಟಲಿಗೆ ಮರಳಿದಳು, ಚಿತ್ರಗಳ ಒಂದು ದೊಡ್ಡ ಕಟ್ಟು ಜೊತೆಗೆ ಹೋಯಿತು. ಮಗಳೂ ಹೆಸರುವಾಸಿ ಚಿತ್ರಕಾರ್ತಿಯಾಗಿ ತಾಯಿಗಿಂತ ಮೊದಲೇ ತೀರಿಕೊಂಡಳು. ಬ್ರಿಸ್ಟಲಿನ ಕಲಾ ಅಕಾಡೆಮಿ 1844ರಲ್ಲಿ ಆರಂಭವಾದಾಗ ಹೆಚ್ಚಿನ ಹಣ ಕೊಟ್ಟವಳು ಎಲೆನ್. 1849ರಲ್ಲಿ ಸಾಯುವಾಗ ಇನ್ನಷ್ಟು ಬಿಟ್ಟುಹೋದಳು. ಅಮೆರಿಕದಲ್ಲಿ ಉಳಿದ ಚಿತ್ರಗಳಲ್ಲಿ ಹಲವು ಫಿಲಡೆಲ್ಫಿಯಾ ಸೇರಿದವು.

ಹೀಗೆ ಬದುಕಿ ಬಂದದ್ದೇ ಒಂದು ಅದೃಷ್ಟ. ಪೇಸ್ಟಲ್ಲಿಗೆ ವಾರ್ನಿಶ್ ಬಳಿಯುವಂತಿಲ್ಲ, ಬಳಿದರೆ ಬಣ್ಣ ಕಪ್ಪಾಗಿ ಮುಖ ಕೆಡುತ್ತದೆ. ಬೆರಳು ತಾಗಿದರೆ ಕೆನ್ನೆ ಅಳಿಸುತ್ತದೆ. ಬಂಡಿಯ ಕುಲುಕಾಟಕ್ಕೆ ಪುಡಿ ಉದುರುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಬೆಳಕಿಗೆ ಕೆಲವು ಬಣ್ಣ ಮಾಸುತ್ತವೆ. ಗಾಜು ಕಾಗದಕ್ಕೆ ತಾಗದಂತೆ ನಡುವೆ ಸಣ್ಣ ಸಂದು ಬಿಟ್ಟು ಚೌಕಟ್ಟು ಹಾಕಬೇಕು. ಸಂಗ್ರಹಾಲಯಗಳು ಇಂಥ ಚಿತ್ರಗಳನ್ನು ಸಾಮಾನ್ಯವಾಗಿ 50 ಲಕ್ಸ್ ಮೀರದ ಮಬ್ಬು ಬೆಳಕಿನಲ್ಲಿ, ಕೆಲವು ತಿಂಗಳು ಮಾತ್ರ ತೂಗುಹಾಕಿ ಮತ್ತೆ ಕತ್ತಲೆ ಕೋಣೆಗೆ ಒಯ್ಯುತ್ತವೆ.

ಜನರ ಕಣ್ಣಿಗೆ ಬಿದ್ದ ಹ್ಯಾಮಿಲ್ಟನ್ ಬೇರೆಯವನು. ಆತ ಸತ್ತ ಮೇಲೆ ಜಾನ್ ಟ್ರಂಬಲ್ ಬರೆದ ದೊಡ್ಡ ಎಣ್ಣೆಚಿತ್ರಗಳಿಗೆ ಆಧಾರವಾದದ್ದು ಚೆರಾಕಿಯ ಪ್ರತಿಮೆ. ಚೆರಾಕಿಯಾದರೋ ಅಷ್ಟರಲ್ಲಿ ನೆಪೋಲಿಯನ್ನನ ವಿರುದ್ಧದ ಸಂಚಿನ ಆರೋಪದಲ್ಲಿ 1801ರಲ್ಲಿ ಪ್ಯಾರಿಸ್ಸಿನಲ್ಲಿ ತಲೆ ಕಳೆದುಕೊಂಡಿದ್ದ. ಅಮೆರಿಕದ ಹತ್ತು ಡಾಲರಿನ ನೋಟಿನ ಮೇಲಿರುವುದು ಟ್ರಂಬಲ್ 1805ರಲ್ಲಿ ಬರೆದ ಮುಖ. ಆ ನೋಟಿನ ಮೇಲೆ ಮಹಿಳೆಯೊಬ್ಬಳ ಚಿತ್ರ ಹಾಕುವುದಾಗಿ 2015ರಲ್ಲಿ ಅಲ್ಲಿನ ಖಜಾನೆ ಪ್ರಕಟಿಸಿತು. ಮರುವರ್ಷ ಮನಸ್ಸು ಬದಲಿಸಿ, ಹತ್ತರ ನೋಟಿನಲ್ಲಿ ಹ್ಯಾಮಿಲ್ಟನ್ನನನ್ನು ಉಳಿಸಿತು. ಬದಲಾವಣೆಯ ಮಾತು ಇಪ್ಪತ್ತರ ನೋಟಿಗೆ ಹೋಯಿತು.